ನಲ್ಲಿಯಾಗಿ ಹೋದ ನದಿ



ಅಮೆರಿಕದ ಅರಿಜೋನಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಪತ್ರ ಬರೆದಿದ್ದಾನೆ. "ಮೇಷ್ಟ್ರೇ, ಮುಂದಿನ ಬೇಸಿಗೆಯಲ್ಲಿ ಸಂಸಾರ ಸಮೇತ ಗ್ರಾಂಡ್ ಕ್ಯಾನ್ಯನ್ನಿನೊಳಗೆ ದೋಣಿಯಲ್ಲಿ ಹೋಗುತ್ತಿದ್ದೇವೆ. ನೀವು ಗಾಬರಿಯಾಗಬೇಡಿ. ಈಗ ನದಿಯಲ್ಲಿ ನೀರು ಕಡಿಮೆ, ಅಪಾಯವಿಲ್ಲ. ಮೇಲೆ ಅಣೆಕಟ್ಟು ಇರುವುದರಿಂದ ಎಲ್ಲವೂ ಹತೋಟಿಯಲ್ಲಿದೆ. ಈ ದೋಣಿಯವರು ಮಾತ್ರ ಇನ್ನೂ ನೀರು ಬಿಡಿ ಎಂದು ಕೂಗಾಡುತ್ತಾರಂತೆ. ಕುಡಿಯುವ ನೀರಿಗೇ ತತ್ವಾರ ಬಂದಿರುವಾಗ ಆಟಕ್ಕೆ ನೀರು ಕೇಳುವುದು ನ್ಯಾಯವೇ?"

ಕೆಂಪು ಶಾಯಿಯ ಪೆನ್ನನ್ನು ಕೆಳಗಿಟ್ಟು ವರ್ಷಗಳೇ ಆದವು. ಆದರೂ ಈ ಪತ್ರವನ್ನು ಓದಿದಾಗ ಕೈ ತಾನಾಗಿಯೇ ಜೇಬಿನತ್ತ ಹೋಯಿತು. ಈ ಕೆಲವೇ ಸಾಲುಗಳಲ್ಲಿ ಮೂರು ತಪ್ಪುಗಳಿವೆ. ನೀರು ಕಡಿಮೆಯಾದರೆ ಅಪಾಯವಿಲ್ಲ ಎಂಬುದು ಒಂದು. ಅಣೆಕಟ್ಟಿದ್ದರೆ ನದಿ ಹತೋಟಿಯಲ್ಲಿರುತ್ತದೆ ಎಂಬುದು ಎರಡನೆಯದು. ದೋಣಿಯವರು ಕೇಳುತ್ತಿರುವುದು ಆಟಕ್ಕಾಗಿ ಎಂಬುದು ಮೂರನೆಯದು. ಅವನನ್ನು ಗದರಿಸುವ ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳಬೇಕು. ಭೂಗೋಳದ ತರಗತಿಯಲ್ಲಿ 'ವಿವಿಧೋದ್ದೇಶ ನದಿ ಯೋಜನೆಗಳ ಪ್ರಯೋಜನಗಳು' ಎಂದು ಕಪ್ಪುಹಲಗೆಯ ಮೇಲೆ ಬರೆದು, ನೀರಾವರಿ, ವಿದ್ಯುತ್ತು, ನೆರೆ ನಿಯಂತ್ರಣ, ಕುಡಿಯುವ ನೀರು ಎಂಬ ನಾಲ್ಕು ಅಂಶಗಳನ್ನು ನಿಮ್ಮೆಲ್ಲರಿಗೂ ಬಾಯಿಪಾಠ ಮಾಡಿಸಿದವನು ನಾನೇ. ಅಣೆಕಟ್ಟಿನ ಕೆಳಗೆ ಹರಿಯುವ ನದಿಗೆ ಏನಾಗುತ್ತದೆ ಎಂಬ ಐದನೆಯ ಪ್ರಶ್ನೆಯನ್ನು ನಾನು ಎಂದೂ ಕೇಳಲಿಲ್ಲ. ಇಂದು ಕೇಳುತ್ತಿದ್ದೇನೆ.

ಮೊದಲು ನದಿಯ ಪರಿಚಯ. ರಾಕಿ ಪರ್ವತಗಳಲ್ಲಿ ಹುಟ್ಟಿ ಹಿಮದ ನೀರನ್ನು ಹೊತ್ತು ಸುಮಾರು 2,330 ಕಿ.ಮೀ. ಹರಿಯುವ ಕೊಲರಾಡೊ ನದಿ ಮರುಭೂಮಿಯನ್ನು ಕೊರೆದು ಮಾಡಿದ ಮಹಾಕಮರಿಯೇ ಗ್ರಾಂಡ್ ಕ್ಯಾನ್ಯನ್. ಲೀಸ್ ಫೆರಿ ಎಂಬಲ್ಲಿ ದೋಣಿಗಳು ನೀರಿಗಿಳಿಯುತ್ತವೆ. ಅಲ್ಲಿಂದ ಕಮರಿಯ ಉದ್ದ 277 ಮೈಲಿ. ಹುಟ್ಟುಹಾಕಿ ಸಾಗುವವರಿಗೆ ಅದು ಎರಡು ಮೂರು ವಾರಗಳ ಪಯಣ. ದಾರಿಯಲ್ಲಿ ನೂರಕ್ಕೂ ಹೆಚ್ಚು ಕಡೆ ನದಿ ಬಂಡೆಗಳ ನಡುವೆ ನೊರೆಗಟ್ಟಿ ರಭಸದಿಂದ ಇಳಿಯುತ್ತದೆ. ಅಂತಹ ತಾಣಗಳಿಗೆ ರ‍್ಯಾಪಿಡ್ ಎಂದು ಹೆಸರು. ಲೀಸ್ ಫೆರಿಗೆ 15 ಮೈಲಿ ಮೇಲೆ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನಿಂತಿದೆ. 1956ರಲ್ಲಿ ಅದರ ಕೆಲಸ ಆರಂಭವಾಯಿತು, 1963ರಲ್ಲಿ ನೀರು ನಿಲ್ಲತೊಡಗಿತು, 1980ರಲ್ಲಿ ಜಲಾಶಯ ಮೊದಲ ಬಾರಿಗೆ ತುಂಬಿತು. ನಮ್ಮ ಕನ್ನಂಬಾಡಿಯ ಕಟ್ಟೆ ತುಂಬಿದರೆ 49 ಟಿಎಂಸಿ. ಲೇಕ್ ಪೊವೆಲ್ ಎಂಬ ಆ ಜಲಾಶಯ ತುಂಬಿದರೆ ಸಾವಿರ ಟಿಎಂಸಿಗೂ ಮಿಕ್ಕು. ಅಲ್ಲಿಯೂ ನೀರಿನ ಹರಿವನ್ನು ಅಳೆಯುವುದು ನಮ್ಮ ಪತ್ರಿಕೆಗಳು ದಿನವೂ ಅಚ್ಚು ಮಾಡುವ ಅದೇ ಕ್ಯೂಸೆಕ್ಕಿನಲ್ಲಿ, ಎಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು.

ಹಿಂದೊಮ್ಮೆ ಅದೇ ವಿದ್ಯಾರ್ಥಿಯ ಮನೆಗೆ ಹೋಗಿದ್ದಾಗ ಅವನೇ ನನ್ನನ್ನು ಲೀಸ್ ಫೆರಿಗೆ ಕರೆದೊಯ್ದಿದ್ದ. ಜೂನ್ ತಿಂಗಳ ಬಿಸಿಲು, ಕಾದ ಕಲ್ಲು, ಎದುರಿಗೆ ಹಸಿರು ಬಣ್ಣದ ತಿಳಿನೀರು. ಕೈ ಅದ್ದಿದರೆ ಬೆರಳುಗಳು ಮರಗಟ್ಟಿದವು. ಆಳದ ಜಲಾಶಯದ ತಳಭಾಗದಿಂದ ಬರುವ ನೀರು ಅದು. ಅಲ್ಲಿ ರಾಫ್ಟಿಗೆ ಗಾಳಿ ತುಂಬುತ್ತಿದ್ದ ತರುಣಿಯೊಬ್ಬಳು ನೀರಿನ ಅಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟಳು. ಏಕಮ್ಮಾ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದೆ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಎಂದಳು. ನಾವು ಬುತ್ತಿ ಬಿಚ್ಚಿ ಉಂಡು ಬರುವಷ್ಟರಲ್ಲಿ ಕಡ್ಡಿಯ ಸುತ್ತ ನೀರು ನಿಂತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ದೂರದ ನಗರಗಳಲ್ಲಿ ಮಧ್ಯಾಹ್ನದ ಸೆಕೆಗೆ ಜನ ಹವಾನಿಯಂತ್ರಕಗಳನ್ನು ಹಾಕಿಕೊಂಡಿದ್ದರು, ಅಷ್ಟೆ. ಆ ಕಡ್ಡಿ ನನಗೆ ಕಲಿಸಿದ್ದನ್ನು ಬಿ.ಎಡ್. ತರಗತಿಯಲ್ಲಿ ಯಾರೂ ಕಲಿಸಿರಲಿಲ್ಲ.

ಈಗ ಮೊದಲನೆಯ ತಪ್ಪನ್ನು ನೋಡೋಣ. ನೀರು ಕಡಿಮೆ ಎಂದರೆ ಸುಲಭ, ಹೆಚ್ಚು ಎಂದರೆ ಕಠಿಣ ಎಂಬುದು ಬಾವಿಯ ನೀರನ್ನು ನೋಡಿದವರ ಲೆಕ್ಕ. ಹರಿಯುವ ನೀರಿನ ಲೆಕ್ಕವೇ ಬೇರೆ. ಹ್ಯಾನ್ಸ್ ಎಂಬ ರ‍್ಯಾಪಿಡ್ಡಿನಲ್ಲಿ ನೀರು ಇಳಿದಷ್ಟೂ ಬಂಡೆಗಳು ತಲೆ ಎತ್ತುತ್ತವೆ, ದೋಣಿ ತೂರುವ ಸಂದು ಕಿರಿದಾಗುತ್ತದೆ. ಹಾರ್ನ್ ಕ್ರೀಕಿನ ಬಾಯಲ್ಲಿ ಎರಡು ಕೋಡುಗಳಂತಹ ಬಂಡೆಗಳಿವೆ. ತುಂಬು ಹರಿವಿನಲ್ಲಿ ಅವು ಮುಳುಗಿ ದಾರಿ ಸಲೀಸಾಗುತ್ತದೆ, ಇಳಿಹರಿವಿನಲ್ಲಿ ಅನುಭವಿಗಳೂ ಅಲ್ಲಿ ದಡಕ್ಕೆ ಹತ್ತಿ ಅರ್ಧ ಗಂಟೆ ನೋಡಿಯೇ ಮುಂದುವರಿಯುತ್ತಾರೆ. ಲಾವಾ ಫಾಲ್ಸ್ ಎಂಬ ಹೆಸರಾಂತ ತಾಣದಲ್ಲಿ ನೀರಿನ ಮಟ್ಟಕ್ಕೆ ತಕ್ಕಂತೆ ಎಡದ ದಾರಿಯೋ ಬಲದ ದಾರಿಯೋ ಎಂಬುದೇ ಬದಲಾಗುತ್ತದೆ. ಕ್ರಿಸ್ಟಲ್ ಇದಕ್ಕೆಲ್ಲ ವಿರುದ್ಧ. ಅಲ್ಲಿ ಹರಿವು ಏರಿದಂತೆ ಬಂಡೆಯ ಹಿಂದೆ ನೀರು ತನ್ನ ಮೇಲೆಯೇ ಮಗುಚಿ ಬೀಳುವ ಭಾರಿ ಗುಂಡಿ ಏಳುತ್ತದೆ. ಹೀಗಿರುವಾಗ ಒಂದೇ ಅಂಕಿಯನ್ನು ಹಿಡಿದು ಇಡೀ ನದಿ ಸುರಕ್ಷಿತ ಎಂದು ಘೋಷಿಸುವುದು, ತರಗತಿಯ ಸರಾಸರಿ ಅಂಕವನ್ನು ನೋಡಿ ಎಲ್ಲ ಹುಡುಗರೂ ಪಾಸು ಎಂದಂತೆ.

ಜಲಾಶಯಗಳು ಬತ್ತಿದಾಗಲೂ ಹೊಸ ಅಪಾಯ ಹುಟ್ಟುತ್ತದೆ. ಕಮರಿಯ ಕೆಳತುದಿಯಲ್ಲಿ ಲೇಕ್ ಮೀಡ್ ಎಂಬ ಇನ್ನೊಂದು ಜಲಾಶಯವಿದೆ. 2000ದ ನಂತರದ ಬರದಲ್ಲಿ ಅದರ ನೀರು ಹಿಂಜರಿದಾಗ, ನದಿ ಹಿಂದೆ ತುಂಬಿದ್ದ ಹೂಳನ್ನು ಕೊರೆಯತೊಡಗಿತು. ಆದರೆ ತನ್ನ ಹಳೆಯ ಪಾತ್ರವನ್ನು ತಪ್ಪಿ ಗಟ್ಟಿ ದಿಣ್ಣೆಯೊಂದರ ಮೇಲೆ ಹಾದುಹೋಯಿತು. ಹಾಗೆ ಹುಟ್ಟಿದ್ದು ಪಿಯರ್ಸ್ ಫೆರಿ ರ‍್ಯಾಪಿಡ್. ಪಯಣ ಮುಗಿಯಿತೆಂದು ನಿಟ್ಟುಸಿರು ಬಿಡುವವರು ಅದಕ್ಕೆ ಮೊದಲೇ ದಡ ಸೇರಬೇಕು. ಲೇಕ್ ಪೊವೆಲ್ಲಿನ ಮೇಲ್ತುದಿಯ ಕ್ಯಾಟರಾಕ್ಟ್ ಕ್ಯಾನ್ಯನ್ನಿನಲ್ಲಿಯೂ, ದಶಕಗಳ ಕಾಲ ಮುಳುಗಿದ್ದ ರ‍್ಯಾಪಿಡ್‌ಗಳು ಒಂದೊಂದಾಗಿ ಮತ್ತೆ ಎದ್ದು ಮೊರೆಯುತ್ತಿವೆ.

ಇನ್ನು ಎರಡನೆಯ ತಪ್ಪು, ಈ 'ಹತೋಟಿ' ಎಂಬ ಮಾತು. ಅಣೆಕಟ್ಟಿಗೆ ಮುಂಚೆ ಕೊಲರಾಡೊ ವರ್ಷಕ್ಕೊಮ್ಮೆ ಉಸಿರಾಡುತ್ತಿತ್ತು. ಹಿಮ ಕರಗುವ ಕಾಲದಲ್ಲಿ ಸಾಮಾನ್ಯವಾಗಿ 85 ಸಾವಿರ ಕ್ಯೂಸೆಕ್ಕಿನಷ್ಟು ಉಬ್ಬಿ, ಬೇಸಿಗೆ ಕಳೆದಂತೆ ಕೆಲವೇ ಸಾವಿರಕ್ಕೆ ಇಳಿಯುತ್ತಿತ್ತು. ದೋಣಿಯವನಿಗೆ ಋತು ತಿಳಿದಿದ್ದರೆ ನದಿ ತಿಳಿದಿರುತ್ತಿತ್ತು. ಅಣೆಕಟ್ಟು ಬಂದ ಮೇಲೆ ಅದು ದಿನಕ್ಕೊಮ್ಮೆ ಉಸಿರಾಡತೊಡಗಿತು. ವಿದ್ಯುತ್ತಿಗೆ ಬೇಡಿಕೆ ಏರಿದಾಗ ನೀರು, ಜನ ಮಲಗಿದಾಗ ಬಂದ್. 1991ರವರೆಗೂ ಒಂದೇ ದಿನದಲ್ಲಿ ಹರಿವು ಕೆಲವು ಸಾವಿರದಿಂದ 30 ಸಾವಿರ ಕ್ಯೂಸೆಕ್ ದಾಟುವುದು ಸಾಧ್ಯವಿತ್ತು. ಕಿರಿದಾದ ಕಡೆ ಮಟ್ಟ ಹತ್ತು ಅಡಿಗೂ ಮಿಕ್ಕು ಏರಿಳಿಯುತ್ತಿತ್ತು. ರಾತ್ರಿ ದಡಕ್ಕೆ ಕಟ್ಟಿ ಮಲಗಿದ ದೋಣಿ ಬೆಳಗಾಗುವಷ್ಟರಲ್ಲಿ ಒಣ ಮರಳಿನ ಮೇಲೆ ಕುಳಿತಿರುತ್ತಿತ್ತು. ಟನ್ನುಗಟ್ಟಲೆ ಸಾಮಾನು ಹೇರಿದ ದೋಣಿಯನ್ನು ಎಳೆಯುವವರು ಯಾರು? ನೀರು ಮತ್ತೆ ಬರುವವರೆಗೆ ಕಾಯಬೇಕು. ಸಾಲದ್ದಕ್ಕೆ ಈ ಅಲೆ ಅಣೆಕಟ್ಟಿನಿಂದ ನಡುಗಮರಿಯ ಫ್ಯಾಂಟಮ್ ರಾಂಚ್ ತಲುಪಲು ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಹಿಡಿಯುತ್ತದೆ. ಹೀಗಾಗಿ ಇಂದು ನಿಮ್ಮ ದೋಣಿಯನ್ನು ಬಂಡೆಗೆ ಬಡಿಯುವ ಇಳಿಹರಿವು ನಿನ್ನೆ ಯಾವುದೋ ಊರಿನಲ್ಲಿ ದೀಪ ಆರಿಸಿದ ಹೊತ್ತಿನದು. ಇದಕ್ಕೆ ನದಿ ಎನ್ನುವುದಕ್ಕಿಂತ ನಲ್ಲಿ ಎನ್ನುವುದೇ ಸರಿ.

ಆ ನಲ್ಲಿಯೂ ಒಮ್ಮೆ ಕೈಕೊಟ್ಟಿತು. 1983ರಲ್ಲಿ ತಡವಾಗಿ ಬಿದ್ದ ಹಿಮ ಒಮ್ಮೆಲೇ ಕರಗಿತು. ಜಲಾಶಯ ಆಗಲೇ ಬಹುಪಾಲು ತುಂಬಿತ್ತು. ಕೋಡಿಯ ಸುರಂಗಗಳನ್ನು ತೆರೆದರೆ ನೀರಿನ ರಭಸಕ್ಕೆ ಕಾಂಕ್ರೀಟು ಕಿತ್ತು, ಒಳಗೆ 30 ಅಡಿಗೂ ಆಳದ ಹೊಂಡ ಬಿತ್ತು. ಕೋಡಿಯ ಬಾಗಿಲುಗಳ ಮೇಲೆ ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿ ನೀರನ್ನು ತಡೆದರು! ಜಗತ್ತಿನ ಅತ್ಯಂತ ಮುಂದುವರಿದ ದೇಶದ ಎಂಜಿನಿಯರುಗಳನ್ನು ಕಾಪಾಡಿದ್ದು ಬಡಗಿಯ ಅಂಗಡಿಯ ಹಲಗೆ. ಬಿಡುಗಡೆ 90 ಸಾವಿರ ಕ್ಯೂಸೆಕ್ಕನ್ನು ಮೀರಿತು. ಕ್ರಿಸ್ಟಲ್ ರ‍್ಯಾಪಿಡ್ಡಿನಲ್ಲಿ 10 ಮೀಟರ್ ಉದ್ದದ ಮೋಟಾರು ರಾಫ್ಟುಗಳು ಮಗುಚಿದವು, ಒಬ್ಬ ಪ್ರಯಾಣಿಕ ಸತ್ತ. ಅದೇ ದಿನಗಳಲ್ಲಿ ಕೆಂಟನ್ ಗ್ರುವಾ ಮತ್ತು ಇಬ್ಬರು ಸಂಗಡಿಗರು 'ಎಮರಾಲ್ಡ್ ಮೈಲ್' ಎಂಬ ಮರದ ದೋಣಿಯಲ್ಲಿ, ಕ್ರಿಸ್ಟಲ್ಲಿನಲ್ಲಿ ಮಗುಚಿಯೂ ಬದುಕಿ, ಇಡೀ ಕಮರಿಯನ್ನು 36 ಗಂಟೆ 38 ನಿಮಿಷಗಳಲ್ಲಿ ದಾಟಿದರು. ಈ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ನೆನಪಾಗುವುದು ಆ ಪ್ಲೈವುಡ್ಡು.

ಮೂರನೆಯ ತಪ್ಪಿಗೆ ಬರುವ ಮೊದಲು ಮರಳು ಮತ್ತು ಬಂಡೆಗಳ ಮಾತು ಆಡಬೇಕು. ರ‍್ಯಾಪಿಡ್‌ಗಳನ್ನು ಹುಟ್ಟಿಸುವುದು ಪಕ್ಕದ ಕಿರುಕಣಿವೆಗಳು. ಬಿರುಮಳೆ ಬಂದಾಗ ಅವು ಬಂಡೆ ಮಣ್ಣುಗಳನ್ನು ನದಿಗೆ ನೂಕುತ್ತವೆ. ಕ್ರಿಸ್ಟಲ್ ಈಗಿನ ರೂಪಕ್ಕೆ ಬಂದಿದ್ದು 1966ರ ಡಿಸೆಂಬರಿನ ಅಂತಹ ಒಂದು ರಾಶಿಯಿಂದ. ಹಿಂದೆ ವರ್ಷವರ್ಷದ ನೆರೆ ಇಂತಹ ರಾಶಿಯನ್ನು ಗುಡಿಸಿ ದಾರಿ ಬಿಡಿಸುತ್ತಿತ್ತು. ಈಗ ಗುಡಿಸುವ ಕೈಯನ್ನೇ ಕಟ್ಟಲಾಗಿದೆ, ಬಂಡೆಗಳು ಬಿದ್ದಲ್ಲೇ ಉಳಿಯುತ್ತವೆ. ಮರಳಿನದು ಇದಕ್ಕಿಂತ ದುಃಖದ ಕಥೆ. ಮೇಲಿನಿಂದ ಬರುತ್ತಿದ್ದ ಮರಳಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಜಲಾಶಯದ ತಳ ಸೇರುತ್ತಿದೆ. ಉಳಿದದ್ದು ಪರಿಯಾ ಮತ್ತು ಲಿಟಲ್ ಕೊಲರಾಡೊ ಎಂಬ ಉಪನದಿಗಳು ತರುವಷ್ಟು ಮಾತ್ರ. ದಡದ ಮರಳದಿಣ್ಣೆಗಳು ಸವೆಯುತ್ತಿವೆ. ಪ್ರಯಾಣಿಕರು ಮಲಗುವುದು ಅಲ್ಲಿ. ದಡದ ಗಿಡಗಳೂ ಸ್ಥಳೀಯ ಮೀನುಗಳೂ ನೆಚ್ಚಿಕೊಂಡಿರುವುದು ಆ ಮರಳನ್ನು. ಮೇಲಿನ ಪುರಾತನ ಜನವಸತಿಗಳ ಅವಶೇಷಗಳಿಗೆ ಗಾಳಿ ಹೊದಿಸುವ ಹೊದಿಕೆಯೂ ಅದೇ ಮರಳು.

ಆದ್ದರಿಂದಲೇ 1996ರಲ್ಲಿ ಒಂದು ಪ್ರಯೋಗ ನಡೆಯಿತು. ಏಳು ದಿನ 45 ಸಾವಿರ ಕ್ಯೂಸೆಕ್ ನೀರನ್ನು ಬಿಟ್ಟು, ತಳದ ಮರಳನ್ನು ಎಬ್ಬಿಸಿ ದಡಕ್ಕೆ ಹತ್ತಿಸಿದರು. ಆಮೇಲೆ 2004, 2008, ಮತ್ತು 2012ರಿಂದೀಚೆಗೆ ಹಲವು ಸಲ ಇದು ಮರುಕಳಿಸಿತು. 2018ರ ನಂತರ ನಾಲ್ಕೂವರೆ ವರ್ಷ ನಿಂತು, 2023ರ ಏಪ್ರಿಲಿನಲ್ಲಿ ಮೂರು ದಿನ 39,500 ಕ್ಯೂಸೆಕ್ ಬಿಡಲಾಯಿತು. ದೋಣಿಯವರು ಕೇಳುತ್ತಿರುವ 'ಇನ್ನೂ ನೀರು' ಎಂದರೆ ಇದು. ಕುಣಿದಾಡಲು ದೊಡ್ಡ ಅಲೆ ಬೇಕೆಂಬ ಹಟ ಅದರಲ್ಲಿಲ್ಲ.

ಲೆಕ್ಕ ಮಾಡಿ ನೋಡೋಣ, ಪತ್ರ ಬರೆದವನು ಗಣಿತದಲ್ಲಿ ಜಾಣನೇ. 2022ರ ಜಲವರ್ಷದಲ್ಲಿ ಬರದ ಕಾರಣ ಗ್ಲೆನ್ ಕ್ಯಾನ್ಯನ್ನಿನ ವಾರ್ಷಿಕ ಬಿಡುಗಡೆಯನ್ನು 70 ಲಕ್ಷ ಎಕರೆ ಅಡಿಗೆ ಇಳಿಸಲಾಯಿತು. ನಮ್ಮ ಅಳತೆಯಲ್ಲಿ ಸುಮಾರು 305 ಟಿಎಂಸಿ. ಇದನ್ನು ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ 9,700 ಕ್ಯೂಸೆಕ್ಕಿಗೆ ತುಸು ಕಡಿಮೆ. ಏರಿಳಿತಕ್ಕೆ ಮಿತಿ ಹಾಕಿದರೆ ಈ 305ರಲ್ಲಿ ಒಂದು ಟಿಎಂಸಿಯೂ ಯಾರ ಬಾಯಿಂದಲೂ ಕಸಿಯಲ್ಪಡುವುದಿಲ್ಲ. ಏಕೆಂದರೆ ಕೆಳಗಿನ ರಾಜ್ಯಗಳ ಪಾಲು ವರ್ಷದ ಮೊತ್ತದಲ್ಲಿ ನಿರ್ಧಾರವಾಗುತ್ತದೆ, ಗಂಟೆಯ ಮೊತ್ತದಲ್ಲಿ ಅಲ್ಲ. ಕೆಲವು ದಿನಗಳ ಕೃತಕ ನೆರೆಯ ನೀರೂ ಆವಿಯಾಗಿ ಹೋಗುವುದಿಲ್ಲ, ಕೆಳಗಿನ ಲೇಕ್ ಮೀಡಿಗೆ ಹೋಗಿ ಸೇರುತ್ತದೆ. ಕುಡಿಯುವ ನೀರಿಗೂ ದೋಣಿಗೂ ಜಗಳ ಹಚ್ಚುವವರು ಈ ಭಾಗಾಕಾರವನ್ನು ಮಾಡಿಲ್ಲ.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹೇಳಿದರೆ ಅದು ನ್ಯಾಯವಲ್ಲ. ಕೃತಕ ನೆರೆಯ ನೀರಿನಲ್ಲಿ ಒಂದು ಭಾಗ ಟರ್ಬೈನುಗಳನ್ನು ತಪ್ಪಿಸಿ ತೂಬಿನ ಕೊಳವೆಗಳಲ್ಲಿ ಹೋಗುತ್ತದೆ, ಅಷ್ಟು ವಿದ್ಯುತ್ತು ನಷ್ಟ. ಬೇಡಿಕೆ ಏರಿದಾಗ ನೀರು ಬಿಡಲಾಗದಿದ್ದರೆ ಬೇರೆಡೆಯಿಂದ ದುಬಾರಿ ವಿದ್ಯುತ್ತನ್ನು ಕೊಳ್ಳಬೇಕು. ಅದರ ಭಾರ ಸಣ್ಣ ಊರುಗಳ ಮೇಲೂ ಮೂಲನಿವಾಸಿ ಸಮುದಾಯಗಳ ಮೇಲೂ ಬೀಳುತ್ತದೆ. ಇದು ನಿಜವಾದ ಬೆಲೆ. ಆದರೆ ನದಿಯನ್ನು ಸವೆಸುವುದಕ್ಕೂ ಒಂದು ಬೆಲೆಯಿದೆ, ಅದರ ಬಿಲ್ಲು ಮಾತ್ರ ಯಾರ ಮನೆಗೂ ಬರುವುದಿಲ್ಲ. ಬಿಲ್ಲು ಬಾರದ ಮಾತ್ರಕ್ಕೆ ಖರ್ಚೇ ಆಗಿಲ್ಲ ಎನ್ನುವುದು ಯಾವ ಲೆಕ್ಕಪತ್ರದ ರೀತಿ?

ಈ ಬೆಲೆಯನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಹುಟ್ಟು ಹಿಡಿದ ಕೈಗಳವರು ಮುಂಚೂಣಿಯಲ್ಲಿದ್ದರು. ಗ್ರಾಂಡ್ ಕ್ಯಾನ್ಯನ್ನಿನೊಳಗೇ ಇನ್ನೆರಡು ಅಣೆಕಟ್ಟು ಕಟ್ಟುವ ಯೋಜನೆಯನ್ನು 1960ರ ದಶಕದಲ್ಲಿ ಎದುರಿಸಿದವರಲ್ಲಿ ಡೋರಿ ದೋಣಿಗಳ ಮಾರ್ಟಿನ್ ಲಿಟನ್ ಒಬ್ಬರು. 1968ರ ಕಾಯಿದೆ ಆ ಅಣೆಕಟ್ಟುಗಳಿಲ್ಲದೆಯೇ ಅಂಗೀಕಾರವಾಯಿತು. 1988ರಲ್ಲಿ ಅದೇ ಗ್ರುವಾ ಕಮರಿಯ ದೋಣಿಗಾರರ ಸಂಘವನ್ನು ಕಟ್ಟಿದರು. 1992ರಲ್ಲಿ ಗ್ರಾಂಡ್ ಕ್ಯಾನ್ಯನ್ ರಕ್ಷಣಾ ಕಾಯಿದೆ ಬಂತು. 1996ರ ನಿರ್ಣಯದಲ್ಲಿ ಹಗಲು ಕನಿಷ್ಠ 8 ಸಾವಿರ, ರಾತ್ರಿ ಕನಿಷ್ಠ 5 ಸಾವಿರ, ಸಾಮಾನ್ಯ ಗರಿಷ್ಠ 25 ಸಾವಿರ ಕ್ಯೂಸೆಕ್ ಎಂದು ಗೆರೆ ಎಳೆಯಲಾಯಿತು, ಏರಿಸುವ ಇಳಿಸುವ ವೇಗಕ್ಕೂ ಮಿತಿ ಬಂತು. ನನ್ನ ವಿದ್ಯಾರ್ಥಿಯ ದೋಣಿ ಬೆಳಗ್ಗೆ ಒಣ ಮರಳಿನ ಮೇಲೆ ಕೂರದಿದ್ದರೆ, ಅದು ಅವನು 'ಕೂಗಾಡುವವರು' ಎಂದ ಜನರ ಋಣ.

ಆದರೆ ಆ ಗೆರೆಗಳು ಶಾಶ್ವತವೇನಲ್ಲ. 1922ರ ಒಪ್ಪಂದ ನದಿಯನ್ನು ಹಂಚಿದ್ದು ತೇವದ ವರ್ಷಗಳ ಅಳತೆಯನ್ನು ನಂಬಿ. ಮೇಲಿನವರಿಗೆ 75 ಲಕ್ಷ, ಕೆಳಗಿನವರಿಗೆ 75 ಲಕ್ಷ ಎಕರೆ ಅಡಿ, 1944ರಲ್ಲಿ ಮೆಕ್ಸಿಕೊಗೆ ಇನ್ನು 15 ಲಕ್ಷ. ಒಟ್ಟು 165 ಲಕ್ಷ. 2000ದಿಂದ ಈಚೆಗೆ ನದಿ ಕೊಟ್ಟಿರುವುದು ವರ್ಷಕ್ಕೆ ಸರಾಸರಿ 125 ಲಕ್ಷದ ಆಸುಪಾಸು. ಒಂದೇ ಕೈಯಿದ್ದ ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ಈ ಕಮರಿಯನ್ನು ದೋಣಿಯಲ್ಲಿ ದಾಟಿದರು. ಈ ನಾಡಿಗೆ ಬೇಕಾಗುವಷ್ಟು ನೀರಿಲ್ಲವೆಂದು 1893ರಲ್ಲಿಯೇ ಲಾಸ್ ಏಂಜಲಿಸ್‌ನ ನೀರಾವರಿ ಸಮಾವೇಶದಲ್ಲಿ ಎಚ್ಚರಿಸಿದರು, ಸಭೆ ಅವರನ್ನು ಮೂದಲಿಸಿತು. ಬತ್ತುತ್ತಿರುವ ಜಲಾಶಯಕ್ಕೆ ಅವರದೇ ಹೆಸರು! 2023ರ ಆರಂಭದಲ್ಲಿ ಅದರಲ್ಲಿ ಕಾಲುಭಾಗದಷ್ಟೂ ನೀರಿರಲಿಲ್ಲ. ಮಟ್ಟ ಸಮುದ್ರದಿಂದ 3,490 ಅಡಿಗಿಂತ ಕೆಳಗಿಳಿದರೆ ಟರ್ಬೈನು ತಿರುಗದು. ಆಮೇಲೆ ನದಿಗೆ ದಾರಿ ನಾಲ್ಕು ತೂಬುಕೊಳವೆಗಳು ಮಾತ್ರ. 2023ರ ಬಿಡುಗಡೆಯ ತರುವಾಯ ಅವುಗಳ ಒಳಭಾಗವೇ ಹಾನಿಗೊಂಡಿರುವುದು ಕಂಡುಬಂದು ದುರಸ್ತಿ ಮಾಡಬೇಕಾಯಿತು. ಇಳಿದ ಜಲಾಶಯದ ಬೆಚ್ಚನೆಯ ನೀರಿನೊಡನೆ 2022ರಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಬೇಟೆಮೀನು ಅಣೆಕಟ್ಟಿನ ಕೆಳಗೆ ಮರಿ ಮಾಡಿತು. ಇದು ನಮ್ಮವನು ಹೇಳಿದ ಹತೋಟಿ.

ಹಂಚಿಕೆಯ 2007ರ ಮಧ್ಯಂತರ ನಿಯಮಗಳು 2026ರವರೆಗೆ ಎಂದು ಬರೆದವು. ಅವುಗಳ ಜಾಗಕ್ಕೆ ಬರುವ ನಿಯಮಗಳು ಏನೇ ಇರಲಿ, ನನ್ನ ವಾದ ಇಷ್ಟು: ಕನಿಷ್ಠ ಹರಿವು ಮತ್ತು ದಿನದ ಏರಿಳಿತದ ಮಿತಿ ಬರದ ನೆಪದಲ್ಲಿ ಸಡಿಲವಾಗಬಾರದು. ಉಪನದಿಗಳು ಮರಳು ತಂದ ವರ್ಷ ಅದನ್ನು ದಡಕ್ಕೆ ಹತ್ತಿಸುವ ನೀರು ಎಲ್ಲರೂ ಉಂಡು ಉಳಿದ ಎಂಜಲಾಗಬಾರದು, ಮೊದಲೇ ಎಲೆ ಹಾಕಿ ಬಡಿಸಿದ ಪಾಲಾಗಬೇಕು. ಜಲಾಶಯ ಇನ್ನಷ್ಟು ಇಳಿದರೂ ನದಿ ಹರಿಯುವಂತೆ ಅಣೆಕಟ್ಟಿನ ತೂಬುಗಳನ್ನು ಸರಿಪಡಿಸಬೇಕು. ಈ ಮಾತುಕತೆಯಲ್ಲಿ ಕಡ್ಡಿ ನೆಟ್ಟು ನೀರು ನೋಡುವವರಿಗೆ ಕುರ್ಚಿ ಇರಬೇಕು.

ದೂರದ ಊರಿನ ಉಸಾಬರಿ ಮೇಷ್ಟ್ರಿಗೇಕೆ ಎನ್ನುವವರಿಗೆ ಒಂದು ಮಾತು. ನಮ್ಮ ಉತ್ತರ ಕನ್ನಡದ ಕಾಳಿ ನದಿಯಲ್ಲಿ, ಗಣೇಶಗುಡಿ ದಾಂಡೇಲಿಯ ಕಡೆ, ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ಫೋಟೋ ಕಳಿಸುವ ನಿಮ್ಮಲ್ಲಿ ಎಷ್ಟು ಮಂದಿ, ಈ ನೀರು ಯಾರ ಮಾತಿನಂತೆ ಯಾವಾಗ ಬರುತ್ತದೆ ಎಂದು ಕೇಳಿದ್ದೀರಿ?

ಪತ್ರ ಬರೆದ ಮಗುವಿಗೆ ಕೊನೆಯ ಮಾತು. ಹೋಗಿ ಬಾ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟು, ನೀರು ಕಡಿಮೆ ಎಂದು ಸಡಿಲ ಬಿಡಬೇಡ. ಮೊದಲ ರಾತ್ರಿ ಮರಳಿನ ಮೇಲೆ ಬಿಡಾರ ಹೂಡಿದಾಗ ನೀರಿನ ಅಂಚಿಗೆ ಒಂದು ಕಡ್ಡಿ ನೆಡು, ಬೆಳಗ್ಗೆ ಎದ್ದು ಮಕ್ಕಳಿಗೆ ತೋರಿಸು. ಮಳೆ ಬಾರದೆ ನೀರು ಏಕೆ ಏರಿತು ಎಂದು ಅವರು ಕೇಳುತ್ತಾರೆ. ನಾನು ನಿನಗೆ ಬರೆಸದೆ ಬಿಟ್ಟ ಐದನೆಯ ಅಂಶವನ್ನು ಆಗ ನೀನೇ ಅವರಿಗೆ ಹೇಳಿಕೊಡು.

ಇತಿ,
ನಿಮ್ಮ ಮೇಷ್ಟ್ರು